ಮೂರನೆಯ ತಂತಿಯ ಸಾಲು

ಆ ಸಾಲು ಗುಬ್ಬಿಗೆ ಸಿಕ್ಕಿದ್ದು ತಂತಿ ಕಿತ್ತುಹೋದ ದಿನ.

ಗುಬ್ಬಿ ಎಂದು ಅವಳಿಗೆ ಹೆಸರಿಟ್ಟವರು ಪಿಟೀಲು ಮೇಷ್ಟ್ರೇ. ಎಂಟು ವರ್ಷದವಳಾಗಿದ್ದಾಗ ಅಮ್ಮನ ಬೆನ್ನ ಹಿಂದೆ ಅವಿತುಕೊಂಡು ಅವರ ಮನೆ ಬಾಗಿಲಲ್ಲಿ ನಿಂತಿದ್ದಳು. "ಏನ್ರೀ ಇದು, ಹುಡುಗೀನ ಕರ್ಕೊಂಡು ಬರ್ತೀನಿ ಅಂದು ಗುಬ್ಬಿ ತಂದಿದ್ದೀರಲ್ಲ!" ಎಂದು ಮೇಷ್ಟ್ರು ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ಒಂದು ಪುಟ್ಟ ಪಿಟೀಲನ್ನು ಅವಳ ಹೆಗಲಿಗೇರಿಸಿ, ಬೆರಳಿಟ್ಟರೆ ಸ್ವರ ಹೇಗೆ ಬದಲಾಗುತ್ತದೆಂದು ಒಮ್ಮೆ ತೋರಿಸಿ, ತಾವೊಂದು ಸ್ವರ ಗುನುಗಿ, ಇದನ್ನು ಹುಡುಕು ನೋಡೋಣ ಎಂದರು. ಗುಬ್ಬಿ ಹುಡುಕುವ ಗೋಜಿಗೇ ಹೋಗಲಿಲ್ಲ. ಬೆರಳನ್ನು ನೆಟ್ಟಗೆ ಅದರ ಮೇಲೇ ಇಟ್ಟಳು. ಇನ್ನೊಂದು ಗುನುಗಿದರು, ಅದರ ಮೇಲೂ ಇಟ್ಟಳು. ಮೇಷ್ಟ್ರ ನಗು ಅಲ್ಲಿಗೆ ನಿಂತಿತು.

ಅಮ್ಮ ಬಟ್ಟೆ ಹೊಲಿಯುವವಳು. ಸಂಗೀತ ಅವಳಿಗೆ ಅಷ್ಟಕ್ಕಷ್ಟೇ. ಹೊಲಿಗೆ ಯಂತ್ರದ ಸದ್ದಿನಲ್ಲಿ ಬೇರೆ ಸದ್ದು ಕೇಳುವ ಪುರುಸೊತ್ತೂ ಅವಳಿಗಿರಲಿಲ್ಲ. "ನಿಮ್ಮ ಮಗಳೇ ಅಂದ್ಕೊಂಡು ಕಲಿಸಿ ಮೇಷ್ಟ್ರೇ" ಎಂದು ಕೈಮುಗಿದು ಹೋದಳು. ಅಂದಿನಿಂದ ಯಾರು ಕೇಳಿದರೂ ಮೇಷ್ಟ್ರು, "ನನಗೆ ಇಬ್ಬರು ಹೆಣ್ಣುಮಕ್ಕಳು" ಎನ್ನುತ್ತಿದ್ದರು. ಹೇಳುವಾಗ ಒಂದು ಕೈ ಸ್ವಂತ ಮಗಳ ತಲೆಯ ಮೇಲೆ, ಇನ್ನೊಂದು ಗುಬ್ಬಿಯ ತಲೆಯ ಮೇಲೆ.

ಸ್ವಂತ ಮಗಳು ಗುಬ್ಬಿಗಿಂತ ಒಂದು ವರ್ಷ ದೊಡ್ಡವಳು. ಗುಬ್ಬಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ಅಕ್ಕ ಹಟವಾದಿ, ಮೈಮುರಿದು ದುಡಿಯುವವಳು. ಹಾಳೆಯಲ್ಲಿ ಏನಿದೆಯೋ ಅದನ್ನು ಒಂದು ಕೂದಲೆಳೆ ಆಚೀಚೆಯಾಗದಂತೆ ನುಡಿಸುವಳು. ಹಾಳೆಯಲ್ಲಿ ಇಲ್ಲದ್ದು ಅವಳ ಕೈಗೆ ಬರುತ್ತಿರಲಿಲ್ಲ, ಅಷ್ಟೇ. ಇದು ಮೇಷ್ಟ್ರಿಗೂ ಗೊತ್ತಿತ್ತು, ಗುಬ್ಬಿಗೂ ಗೊತ್ತಿತ್ತು, ಪಾಪ ಅಕ್ಕನಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಮೇಷ್ಟ್ರ ಪಾಠವೆಂದರೆ ತಮಾಷೆಯಲ್ಲ. ಮೊದಲ ವರ್ಷವಿಡೀ ಎಡಗೈಗೆ ಕೆಲಸವೇ ಇಲ್ಲ. ಖಾಲಿ ತಂತಿಯ ಮೇಲೆ ಕಮಾನು ಎಳೆಯುವುದು, ಎಳೆದದ್ದನ್ನೇ ಎಳೆಯುವುದು. ಕಮಾನು ನಡುಗಿದರೆ ಮತ್ತೆ ಮೊದಲಿನಿಂದ. "ಶುರುವಾಯ್ತಪ್ಪ ಪಿಟೀಲು ಕುಯ್ಯೋದು" ಎಂದು ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ವರ್ಷಗಳು ಕಳೆದಂತೆ ಗುಬ್ಬಿಯ ಎಡ ದವಡೆಯ ಕೆಳಗೆ ಪಿಟೀಲು ಒತ್ತಿ ಒತ್ತಿ ಕಂದು ಕಲೆ ಬಿತ್ತು, ಬೆರಳ ತುದಿ ಜಡ್ಡುಗಟ್ಟಿತು. ಅಮ್ಮ ಎಣ್ಣೆ ಹಚ್ಚಲು ಬಂದರೆ ಗುಬ್ಬಿ ಕೈ ಎಳೆದುಕೊಳ್ಳುವಳು, ಎಣ್ಣೆ ಹಚ್ಚಿದರೆ ಬೆರಳು ಮೆತ್ತಗಾಗುತ್ತದೆಂದು ಮೇಷ್ಟ್ರು ಹೇಳಿದ್ದರಲ್ಲ! ಮೇಷ್ಟ್ರು ಹೇಳಿದ್ದೇ ಅವಳಿಗೆ ವೇದವಾಕ್ಯ.

ಹೀಗಿರುವಾಗ, ಗುಬ್ಬಿಗೆ ಹದಿನಾರಾದಾಗ, ದೊಡ್ಡ ಸಂಗೀತ ಶಾಲೆಯ ಆಯ್ಕೆ ಪರೀಕ್ಷೆ ಬಂತು. ಇರುವುದು ಒಂದೇ ಸ್ಥಾನ. ಸಿಕ್ಕರೆ ಊಟ, ವಸತಿ, ಕಲಿಕೆ ಎಲ್ಲ ಶಾಲೆಯದೇ. ಸಿಗದಿದ್ದರೆ ಗುಬ್ಬಿ ಅಮ್ಮನ ಅಂಗಡಿಯಲ್ಲಿ ಗುಂಡಿ ಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು. ಬರುವವರೆಲ್ಲ ಒಂದೇ ರಚನೆ ನುಡಿಸಬೇಕು. ಅದರ ನಡುವೆ ನಿಧಾನವಾದ ಒಂದು ಸಾಲು. ಎಲ್ಲರೂ ಅದನ್ನು ಎರಡನೆಯ ತಂತಿಯ ಮೇಲೆ ನುಡಿಸುತ್ತಾರೆ. ಬೆರಳಿಗೆ ಸುಲಭ, ಕಿವಿಗೆ ಇಂಪು.

ಒಂದು ಮಧ್ಯಾಹ್ನ ಮೇಷ್ಟ್ರ ಮನೆಯಲ್ಲಿ ಗುಬ್ಬಿ ಅದೇ ಸಾಲು ಹಿಡಿಯುವ ಹೊತ್ತಿಗೆ ಎರಡನೆಯ ತಂತಿ ಟಪ್ಪೆಂದು ಕಿತ್ತು ಕೆನ್ನೆಗೆ ಬಡಿಯಿತು. ಬೇರೆಯವರಾಗಿದ್ದರೆ ನಿಲ್ಲಿಸುತ್ತಿದ್ದರು. ಎಲ್ಲಿ ತಪ್ಪಿದರೂ ನಿಲ್ಲಬಾರದೆಂಬುದು ಮೇಷ್ಟ್ರ ಕಟ್ಟಪ್ಪಣೆ. ಗುಬ್ಬಿ ನಿಲ್ಲಲಿಲ್ಲ. ಪಕ್ಕದ ಮೂರನೆಯ ತಂತಿಗೆ ದಾಟಿ, ಕೈಯನ್ನು ಮೇಲಕ್ಕೆ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಸಮೀಪಕ್ಕೆ ಜಾರಿಸಿ, ಅದೇ ಸ್ವರಗಳನ್ನು ದಪ್ಪ ತಂತಿಯಿಂದ ಎಬ್ಬಿಸಿದಳು. ಕೊನೆಯ ಸ್ವರಕ್ಕೆ ಮುಂಚೆ ಮಾತ್ರ ಗಾಬರಿಗೆ ಕೈ ಒಂದು ಕ್ಷಣ ತಡೆಯಿತು. ಬಂದದ್ದು ಇಂಪಲ್ಲ. ಅಳು ನುಂಗಿಕೊಂಡು ಮಾತಾಡುವವರ ದನಿಯ ಹಾಗಿತ್ತು. ಆ ರಚನೆ ಏನು ಹೇಳುತ್ತಿದೆಯೆಂದು ಗುಬ್ಬಿಗೆ ಮೊದಲ ಸಲ ಅರ್ಥವಾಯಿತು.

"ಅಕ್ಕಾ, ಕೇಳಿಸ್ತಾ?" ಎಂದು ಕೂಗಿದಳು.

ಅಕ್ಕ ಕಮಾನಿಗೆ ರಾಳ ತಿಕ್ಕುತ್ತ ಕೂತಿದ್ದವಳು ಕೈ ನಿಲ್ಲಿಸಿದ್ದಳು. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಖದಲ್ಲಿ ರಕ್ತವಿರಲಿಲ್ಲ.

"ಇನ್ನೊಂದು ಸಲ ನುಡಿಸು," ಎಂದರು. ನುಡಿಸಿದಳು. ಕಣ್ಣು ಮುಚ್ಚಿ ಕೇಳಿದರು. ಕಣ್ಣು ಬಿಟ್ಟಾಗ ಮೂಗಿನ ತುದಿಯ ಕೋಪ ವಾಪಸ್ಸು ಬಂದಿತ್ತು. "ಏನದು ಗೊಗ್ಗರು ದನಿ? ಗಂಟಲು ಕೆಟ್ಟವರ ಹಾಗೆ. ತೀರ್ಪುಗಾರರು ಬಿದ್ದು ಬಿದ್ದು ನಗ್ತಾರೆ. ಎರಡನೇ ತಂತಿ ಮೇಲೇ ನುಡಿಸ್ಬೇಕು, ತಿಳೀತಾ?"

"ನಂಗೆ ಇದೇ ಸರಿ ಅನ್ನಿಸ್ತು ಮೇಷ್ಟ್ರೇ..."

"ನಿಂಗೆ ಅನ್ನಿಸೋದು ಆಮೇಲೆ. ನನ್ನ ಮೇಲೆ ನಂಬಿಕೆ ಇದೆಯೋ ಇಲ್ವೋ?"

ಇದಕ್ಕೆ ಗುಬ್ಬಿಯ ಹತ್ತಿರ ಒಂದೇ ಉತ್ತರವಿತ್ತು. ಮರುದಿನದಿಂದ ಮೇಷ್ಟ್ರು ಆ ಸಾಲನ್ನು ಎರಡನೆಯ ತಂತಿಯ ಮೇಲೆ ಅವಳಿಂದ ಎಷ್ಟು ಸಲ ನುಡಿಸಿದರೆಂದರೆ, ನಿದ್ದೆಯಲ್ಲಿ ಕೇಳಿದರೂ ಬೆರಳು ತಾನಾಗಿ ಅಲ್ಲಿಗೇ ಹೋಗಬೇಕು. ಅಕ್ಕನ ಪಾಠವನ್ನು ಮಾತ್ರ ಆ ದಿನಗಳಲ್ಲಿ ಬೇರೆ ಹೊತ್ತಿಗೆ ಹಾಕಿದರು. ಇಬ್ಬರೂ ಒಂದೇ ಸ್ಥಾನಕ್ಕೆ ಹೋಗುವವರು, ಒಬ್ಬರ ಅಳುಕು ಇನ್ನೊಬ್ಬರಿಗೆ ಅಂಟಬಾರದು ಎಂದು ಕಾರಣ ಹೇಳಿದರು. ಗುಬ್ಬಿ ತಲೆಯಾಡಿಸಿದಳು. ಎಂಥ ದಡ್ಡಿ ಎಂದು ಈಗ ಅನ್ನಬಹುದು. ಆದರೆ ಎಂಟು ವರ್ಷ ತನ್ನ ಕೈ ಹಿಡಿದು ತಿದ್ದಿದವರ ಕೈಯನ್ನು ಯಾರು ತಾನೇ ಅನುಮಾನದಿಂದ ನೋಡುತ್ತಾರೆ?

ಆಯ್ಕೆಯ ದಿನ ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಬೆಂಚುಗಳ ಮೇಲೆ ಮಕ್ಕಳು ಪಿಟೀಲು ತಬ್ಬಿಕೊಂಡು ಕೂತಿದ್ದರು. ಒಳಗೆ ತೀರ್ಪುಗಾರರು ದಪ್ಪ ಪರದೆಯ ಆಚೆ. ನುಡಿಸುವವರು ಯಾರೆಂದು ಅವರಿಗೆ ತಿಳಿಯಬಾರದು. ಕೆಮ್ಮುವಂತಿಲ್ಲ, ಮಾತಾಡುವಂತಿಲ್ಲ, ಹೆಜ್ಜೆಯ ಸದ್ದೂ ಕೇಳದಂತೆ ಜಮಖಾನ ಹಾಸಿದ್ದರು. ಅಕ್ಕನ ಸರದಿ ಮೊದಲು, ಅದರ ಬೆನ್ನಿಗೇ ಗುಬ್ಬಿಯದು. ಅಕ್ಕ ಒಳಗೆ ಹೋಗುವಾಗ ಗುಬ್ಬಿ ಅವಳ ಕೈ ಒತ್ತಿ, "ಚೆನ್ನಾಗಿ ನುಡಿಸಕ್ಕ" ಎಂದಳು. ಅಕ್ಕನ ಕೈ ಮಂಜಿನಷ್ಟು ತಣ್ಣಗಿತ್ತು. ಅವಳು ಕೈ ಬಿಡಿಸಿಕೊಂಡು ಹೋದಳು.

ಗುಬ್ಬಿ ಬಾಗಿಲ ಬಳಿ ನಿಂತು ಕಿವಿಗೊಟ್ಟಳು. ಶುರುವಿನ ಭಾಗ ಎಂದಿನ ಅಕ್ಕನದೇ, ಅಚ್ಚುಕಟ್ಟು. ನಿಧಾನದ ಸಾಲು ಬಂತು.

ಮೂರನೆಯ ತಂತಿಯ ಮೇಲೆ ಬಂತು.

ಅದೇ ಜಾರು, ಅದೇ ನುಂಗಿದ ಅಳು. ಕೊನೆಯ ಸ್ವರಕ್ಕೆ ಮೊದಲು ಗುಬ್ಬಿ ಅಂದು ಗಾಬರಿಯಲ್ಲಿ ಒಂದು ಕ್ಷಣ ತಡೆದಿದ್ದಳಲ್ಲ, ಆ ತಡೆಯೂ ಅಲ್ಲಿತ್ತು. ಅವಳ ಗಾಬರಿಯನ್ನೂ ಬಿಡದೆ ಎತ್ತಿಕೊಂಡಿದ್ದರು. ಗುಬ್ಬಿ ತಿರುಗಿ ನೋಡಿದಳು. ಪಡಸಾಲೆಯ ಆ ತುದಿಯಲ್ಲಿ ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಅಲ್ಲಿ ನೋಡುವಂಥದ್ದು ಒಂದು ಗೋಡೆ ಮಾತ್ರ.

ಪಕ್ಷಪಾತ ನಡೆಯಬಾರದೆಂದು ಪರದೆ ಕಟ್ಟಿದ್ದರು, ಜಮಖಾನ ಹಾಸಿದ್ದರು. ಅದು ತಿಂಗಳುಗಟ್ಟಲೆ ಹಿಂದೆ ಮೇಷ್ಟ್ರ ಮನೆಯಲ್ಲೇ ನಡೆದುಹೋಗಿದ್ದರೆ ಪರದೆ ತಾನೇ ಏನು ಮಾಡೀತು!

ಅಕ್ಕ ಹೊರಗೆ ಬಂದವಳು ಗುಬ್ಬಿಯ ಮುಖ ನೋಡಲಿಲ್ಲ. ನೆಲಕ್ಕೆ ಕೂತು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಕೊಂಡಿ ಹಾಕಿ, ತೆಗೆದು, ಮತ್ತೆ ಹಾಕಿದಳು.

ಗುಬ್ಬಿಯನ್ನು ಒಳಗೆ ಕರೆದರು. ಪರದೆಯ ಮುಂದೆ ನಿಂತಾಗ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ನನ್ನದು ನನ್ನದೇ, ಮೂರನೆಯ ತಂತಿಯ ಮೇಲೇ ನುಡಿಸುತ್ತೇನೆ. ನುಡಿಸುತ್ತ ಬಂದಳು. ಸಾಲು ಸಮೀಪಿಸಿತು. ಈಗ ತಾನೇ ಹೋದವಳನ್ನು ಕದ್ದು ಕೇಳಿ ನುಡಿಸುತ್ತಿದ್ದಾಳೆ ಎಂದುಕೊಂಡರೆ? ಈ ಯೋಚನೆ ಸುಳಿದದ್ದು ಅರೆ ಕ್ಷಣ. ಅಷ್ಟು ಸಾಕಾಯಿತು. ಬೆರಳು ತಾನಾಗಿ ಎರಡನೆಯ ತಂತಿಗೆ ಹೋಯಿತು. ಸಾಲು ಸ್ವಚ್ಛವಾಗಿ, ಇಂಪಾಗಿ, ಒಂದು ಕಲೆಯಿಲ್ಲದೆ ಮುಗಿಯಿತು. ಅವಳ ಸ್ವಂತ ಕೈ ಅವಳ ಮಾತು ಕೇಳದೆ ಮೇಷ್ಟ್ರ ಮಾತು ಕೇಳಿತ್ತು. ಉಳಿದದ್ದನ್ನು ಹೇಗೆ ನುಡಿಸಿದಳೋ ಅವಳಿಗೇ ನೆನಪಿಲ್ಲ.

ಸಂಜೆಗೆ ಫಲಿತಾಂಶ. ಹಿರಿಯ ತೀರ್ಪುಗಾರ್ತಿ ಹೊರಗೆ ಬಂದು ಅಕ್ಕನ ಸಂಖ್ಯೆ ಕೂಗಿ ಅವಳ ಬೆನ್ನು ತಟ್ಟಿದರು. "ಪಳಗಿದ ಕೈಗಳು ತುಂಬಾ ಇದ್ವು ಮಗು, ಆದರೆ ಆ ಸಾಲನ್ನ ದಪ್ಪ ತಂತಿ ಮೇಲೆ ನುಡಿಸಿದವಳು ನೀನೊಬ್ಬಳೇ. ಯಾರು ಹೇಳ್ಕೊಟ್ಟಿದ್ದು?"

ಅಕ್ಕ ಪೆಟ್ಟಿಗೆಯ ಕೊಂಡಿಯ ಮೇಲೆ ಬೆರಳಿಟ್ಟಳು.

"ನಮ್ಮಪ್ಪ," ಎಂದಳು ಅಕ್ಕ.

ಅದೇನು ಸುಳ್ಳೂ ಅಲ್ಲವಲ್ಲ.

ಜನ ಚದುರಿದ ಮೇಲೆ ಗುಬ್ಬಿ ಮೇಷ್ಟ್ರ ಎದುರು ಹೋಗಿ ನಿಂತಳು. "ಅದು ಗೊಗ್ಗರು ದನಿ ಅಂದ್ರಲ್ಲ ಮೇಷ್ಟ್ರೇ."

ಮೇಷ್ಟ್ರು ಸುತ್ತ ನೋಡಿ ದನಿ ತಗ್ಗಿಸಿದರು. "ನೋಡು ಪುಟ್ಟಾ, ನಿಂಗೆ ಇಂಥವು ಇನ್ನೂ ಹತ್ತು ಹೊಳೀತವೆ. ಅವಳಿಗೆ ಹೊಳೆಯಲ್ಲ. ಅಪ್ಪ ಆಗಿ ನಾನು ಮತ್ತೇನು ಮಾಡ್ಲಿ, ನೀನೇ ಹೇಳು." ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. ಅದನ್ನು ಕಂಡು ಗುಬ್ಬಿಗೆ ಇನ್ನಷ್ಟು ಹೊಟ್ಟೆ ಉರಿಯಿತು. ಅಳಬೇಕಾದವಳು ತಾನು, ಅದನ್ನೂ ಅವರೇ ತೆಗೆದುಕೊಂಡಿದ್ದರು.

ಅಷ್ಟರಲ್ಲಿ ಅಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. ತೋಳಿಗೆ ದಾರದ ಎಳೆಗಳು ಅಂಟಿದ್ದವು. ಸುದ್ದಿ ಕೆಳಗೇ ಸಿಕ್ಕಿತ್ತು. "ಹೋಗ್ಲಿ ಬಿಡಿ ಮೇಷ್ಟ್ರೇ, ನಿಮ್ಮ ಮಗಳಿಗೆ ಸಿಕ್ಕಿದ್ದೂ ಒಂದೇ, ಇವಳಿಗೆ ಸಿಕ್ಕಿದ್ದೂ ಒಂದೇ. ನೀವು ಮಾಡಿದ ಉಪಕಾರ ನಾವು ಸಾಯೋವರೆಗೂ ಮರೆಯಲ್ಲ," ಎಂದು ಕೈಮುಗಿದಳು.

ಮೇಷ್ಟ್ರು ಆ ನಮಸ್ಕಾರವನ್ನೂ ತೆಗೆದುಕೊಂಡರು. "ಅಂಗಡಿ ಗಿಂಗಡಿ ಅಂತ ಕೂರಿಸ್ಬೇಡಿ ಇವಳನ್ನ. ನಾಳೆಯಿಂದ ಎಂದಿನ ಹಾಗೆ ಕಳಿಸಿ, ಮುಂದಿನ ಸಲ ನೋಡೋಣ," ಎಂದರು.

"ಬರಲ್ಲ ಮೇಷ್ಟ್ರೇ," ಎಂದಳು ಗುಬ್ಬಿ.

"ಯಾಕೆ? ಒಂದು ಸೋಲಿಗೇ ಹೆದರಿಬಿಟ್ಯಾ?"

"ಸೋಲಿಗಲ್ಲ. ನಿಮ್ಮೆದುರು ನುಡಿಸೋಕೆ ಭಯ ಆಗುತ್ತೆ. ಏನಾದ್ರೂ ಚೆನ್ನಾಗಿ ಬಂದ್ಬಿಟ್ರೆ?"

ಮೇಷ್ಟ್ರು ಮತ್ತೆ ಕಿಟಕಿಯ ಕಡೆ ತಿರುಗಿದರು. ಪೆಟ್ಟಿಗೆಯ ಕೊಂಡಿ ಹಿಡಿದು ಕೂತಿದ್ದ ಅಕ್ಕ ತಲೆ ಇನ್ನಷ್ಟು ತಗ್ಗಿಸಿದಳು. ಗುಬ್ಬಿ ಪಿಟೀಲು ಎತ್ತಿಕೊಂಡು ಮೆಟ್ಟಿಲಿಳಿದಳು. ಅಮ್ಮ ಹಿಂದೆಯೇ ಓಡಿ ಬಂದು ರಟ್ಟೆ ಹಿಡಿದು ನಿಲ್ಲಿಸಿದಳು.

"ಏನೇ ಅದು ಮಾತು? ನಾಲಿಗೆ ಮೇಲೆ ಹಿಡಿತ ಬೇಡ್ವಾ? ಸ್ವಂತ ಮಗಳ ಹಾಗೆ ನೋಡ್ಕೊಂಡೋರ ಹತ್ರ ಹಾಗಾ ಮಾತಾಡೋದು?"

"ಅವರಿಗೆ ಒಬ್ಬಳೇ ಮಗಳಮ್ಮ," ಎಂದಳು ಗುಬ್ಬಿ.

ಅಮ್ಮ ಅವಳ ಮುಖ ನೋಡಿದಳು. ಆಮೇಲೆ ಏನೂ ಕೇಳದೆ, ಅವಳ ಕೈಯಿಂದ ಪಿಟೀಲಿನ ಪೆಟ್ಟಿಗೆ ತೆಗೆದುಕೊಂಡು ತಾನೇ ಹಿಡಿದು ಮುಂದೆ ನಡೆದಳು.