ಲಾರಿಯಲ್ಲಿ ನಗುವ ಜವಾನರು

ಇಂಡಿ ಹತ್ತಿರದ ತಾಂಬಾದ ಜೈನುದ್ದೀನ ಮುಂಬಯಿಯ ಒಂದು ಸುದ್ದಿಚಿತ್ರ ಕಂಪನಿಯ ಫಿಲ್ಮ್ ಲೈಬ್ರರಿ ಸೇರಿ ಒಂಬತ್ತು ವರ್ಷವಾಗಿತ್ತು. ಇಂಡಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ದುಂಡಗಿನ ಅಕ್ಷರ ಬರೆಯುತ್ತಿದ್ದ. ಆ ಅಕ್ಷರವೇ ಅವನಿಗೆ ಅನ್ನ ಹಾಕಿತು. ಊರೂರು ತಿರುಗುವ ಕ್ಯಾಮೆರಾದವರು ಕಳಿಸಿದ ಫಿಲ್ಮನ್ನು ಅವನು ಯಂತ್ರದ ಮೇಲೆ ಓಡಿಸಿ ನೋಡಬೇಕು. ಏನು ಕಾಣುತ್ತದೆ, ಎಲ್ಲಿ ತೆಗೆದದ್ದು, ಯಾವಾಗ, ಎಷ್ಟು ಅಡಿ ಎಂಬುದನ್ನು ಒಂದೊಂದು ಕಾರ್ಡಿನ ಮೇಲೆ ಬರೆದು ಖಾನೆಯಲ್ಲಿಡಬೇಕು. ಮುಂದೆ ಯಾರಿಗಾದರೂ ಪ್ರವಾಹ ಬೇಕು, ಜಾತ್ರೆಯ ಜನ ಬೇಕು, ಓಡುವ ರೈಲು ಬೇಕು ಎಂದಾಗ ಕಾರ್ಡು ಹುಡುಕಿ ಡಬ್ಬಿ ತೆಗೆದುಕೊಡಬೇಕು. ಕಾರ್ಡಿನ ಮೇಲೆ ಹೆಸರು ಬರೆಯುವುದು ಮಂತ್ರಿಗಳಿದ್ದರೆ, ಸಿನಿಮಾ ನಟರಿದ್ದರೆ ಮಾತ್ರ. ಉಳಿದವರು ರೈತ, ಮುದುಕಿ, ಮಗು, ಜನಸಂದಣಿ.

1963ರ ಬೇಸಿಗೆಯಲ್ಲಿ ಬೆಳಗಾವಿಯಿಂದ ಬಂದ ಫಿಲ್ಮನ್ನು ನೋಡುತ್ತಿದ್ದಾಗ ಜೈನುದ್ದೀನ ಯಂತ್ರವನ್ನು ತಟ್ಟನೆ ನಿಲ್ಲಿಸಿದ. ಒಂದು ಲಾರಿಯಲ್ಲಿ ಎಂಟು ಮಂದಿ ಜವಾನರು. ಎಡತುದಿಗೆ ನಿಂತವನು ಕ್ಯಾಮೆರಾ ನೋಡಿ, ಟೊಪ್ಪಿಗೆ ತೆಗೆದು ಬೀಸುತ್ತ ಬಾಯ್ತುಂಬ ನಗುತ್ತಿದ್ದ. ಅವನು ಮೈಬೂಬ, ಜೈನುದ್ದೀನನ ಚಿಕ್ಕಮ್ಮ, ಖಾಲಾ ಜೈತುನಬಿಯ ಒಬ್ಬನೇ ಮಗ. ಸಣ್ಣವನಿದ್ದಾಗ ಜೈನುದ್ದೀನನ ಹೆಗಲ ಮೇಲೆ ಕೂತು ಸಾಲಿಗೆ ಹೋದವನು. ಹದಿನಾರು ಅಡಿ ಫಿಲ್ಮು, ಹನ್ನೊಂದು ಸೆಕೆಂಡು. ಜೈನುದ್ದೀನ ಅದನ್ನು ಆರು ಸಲ ಹಿಂದೆ ಮುಂದೆ ಓಡಿಸಿದ. ಆಮೇಲೆ ಕಾರ್ಡು ಬರೆದ: ‘ಜವಾನರು, ಲಾರಿಯಲ್ಲಿ, ನಗುತ್ತ. ಬೆಳಗಾವಿ, ಮಾರ್ಚ್ 1963.’

ಅವತ್ತೇ ಮೈಬೂಬನಿಗೆ ಪತ್ರ ಹಾಕಿದ. ಉತ್ತರ ಬೇಗ ಬಂತು. “ಅವ್ವಗ ಏನೂ ಹೇಳಬ್ಯಾಡ ಭಾಯಿ. ಒಂದಿನ ಇಂಡಿ ಸಿನಿಮಾ ಟೆಂಟಿನ್ಯಾಗ ತಾನ ನೋಡಿ ಹೌಹಾರಲಿ.”

ಆದರೆ ಆ ತುಣುಕು ಯಾರಿಗೂ ಬೇಕಾಗಲಿಲ್ಲ. ಎರಡು ವರ್ಷ ಡಬ್ಬಿಯಲ್ಲೇ ಉಳಿಯಿತು.

1965ರ ಸಪ್ಟೆಂಬರಿನಲ್ಲಿ ಯುದ್ಧ ನಿಂತ ಮೂರು ದಿನಕ್ಕೆ ತಾಂಬಾಕ್ಕೆ ತಾರು ಬಂತು. ಮೈಬೂಬ ಗಡಿಯಲ್ಲಿ ತೀರಿಕೊಂಡಿದ್ದ. ಮಯ್ಯತ್ ಬರಲಿಲ್ಲ, ಅಲ್ಲೇ ದಫನ್ ಮಾಡಿದ್ದರು. ಒಂದು ತಿಂಗಳ ಮೇಲೆ ಅವನ ಕಬ್ಬಿಣದ ಟ್ರಂಕು ಮಾತ್ರ ಇಂಡಿ ಸ್ಟೇಶನ್ನಿನಲ್ಲಿ ಇಳಿಯಿತು. ಜೈತುನಬಿ ಅದರ ಮುಚ್ಚಳ ತೆಗೆಯಗೊಡಲಿಲ್ಲ. ಮೈಬೂಬನ ಹೆಂಡತಿ ಅಬಿದಾಗೆ ಇಪ್ಪತ್ತೆರಡು ವರ್ಷ. ಮಕ್ಕಳಿರಲಿಲ್ಲ. ಜೈನುದ್ದೀನನಿಗೆ ರಜೆ ಸಿಗಲಿಲ್ಲ. ಲೈಬ್ರರಿಯಲ್ಲಿ ಯುದ್ಧದ ಫಿಲ್ಮು ರಾಶಿ ಬಿದ್ದಿತ್ತು.

ನವೆಂಬರಿನಲ್ಲಿ ದಿಲ್ಲಿಯ ಟೆಲಿವಿಜನ್ನಿನಿಂದ ಒಬ್ಬ ತರುಣ ಬಂದ. ಟೆಲಿವಿಜನ್ ಎಂಬುದು ಆಗ ದಿಲ್ಲಿಯೊಂದರಲ್ಲೇ, ದಿನಕ್ಕೆ ಒಂದು ತಾಸು. ಅವರ ಬಳಿ ಕ್ಯಾಮೆರಾ ಕಡಿಮೆ, ಹಳೆಯ ಫಿಲ್ಮಿನ ಸಂಗ್ರಹವಂತೂ ಇಲ್ಲವೇ ಇಲ್ಲ. ಹಾಗಾಗಿ ಇಂಥ ಲೈಬ್ರರಿಗಳಿಂದ ತುಣುಕು ತಂದು ಜೋಡಿಸಿ ಕಾರ್ಯಕ್ರಮ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ, ಪಟ್ಟಿ ಬರೆದುಕೊಂಡೇ ಬಂದಿದ್ದ. ಟ್ಯಾಂಕು, ಸೇತುವೆ, ದವಾಖಾನೆ ಎಲ್ಲ ಸಿಕ್ಕವು. ಕೊನೆಗೆ ಒಂದು ಉಳಿಯಿತು. ಮುಗಿಸುವಾಗ ತೋರಿಸಲಿಕ್ಕೆ ನಗುವ ಜವಾನರು ಬೇಕು, ಮುಖ ಹತ್ತಿರದಿಂದ ಕಾಣಬೇಕು ಎಂದ. ಈ ಯುದ್ಧದವೇ ಆಗಬೇಕೇ ಎಂದು ಜೈನುದ್ದೀನ ಕೇಳಿದ. ಜವಾನ ಜವಾನನೇ ಅಲ್ಲವೇ, ನೋಡುವವರಿಗೆ ಏನು ಗೊತ್ತಾಗುತ್ತದೆ ಎಂದ ಆತ.

ಖಾನೆಯಲ್ಲಿ ಅಂಥ ಕಾರ್ಡು ಮೂರಿದ್ದವು. ಜೈನುದ್ದೀನ ಸ್ವಲ್ಪ ಹೊತ್ತು ಮೂರನ್ನೂ ಕೈಯಲ್ಲಿ ಹಿಡಿದು ನಿಂತ. ಆಮೇಲೆ ಎರಡನ್ನು ತಿರುಗಿ ಇಟ್ಟು ಬೆಳಗಾವಿಯದನ್ನು ಕೊಟ್ಟ. ಮೈಬೂಬನ ಆಸೆ ಅಷ್ಟಾದರೂ ನಡೆಯಲಿ, ದಿಲ್ಲಿಯ ನಾಲ್ಕು ಮನೆಯಲ್ಲಾದರೂ ಅವನು ಹನ್ನೊಂದು ಸೆಕೆಂಡು ನಗಲಿ, ಇಷ್ಟೇ ಅವನ ಮನಸ್ಸಿನಲ್ಲಿದ್ದದ್ದು.

ಕಾರ್ಯಕ್ರಮ ದಿಲ್ಲಿಯಲ್ಲಿ ಜನರ ಮನಸ್ಸಿಗೆ ಬಂತಂತೆ. ಕಂಪನಿಯವರು ಅದನ್ನೇ ಸಿನಿಮಾ ಥಿಯೇಟರುಗಳಿಗೆ ಹತ್ತು ನಿಮಿಷದ ಚಿತ್ರ ಮಾಡಿ, ಬೇರೆ ಬೇರೆ ಭಾಷೆಯಲ್ಲಿ ಮಾತು ಸೇರಿಸಿ ಪ್ರತಿ ಹಂಚಿದರು. ಕನ್ನಡದ ಪ್ರತಿಯಲ್ಲಿ ಆ ಲಾರಿ ಬಂದಾಗ ಹಿಂದಿನಿಂದ ಗಟ್ಟಿ ದನಿ ಹೇಳುತ್ತಿತ್ತು: “ಇಗೋ, ಗೆದ್ದು ಸುಖವಾಗಿ ಹಿಂದಿರುಗುತ್ತಿದ್ದಾರೆ ನಮ್ಮ ವೀರ ಜವಾನರು.” ಈ ಮಾತು ಸೇರಿದ್ದು ಜೈನುದ್ದೀನನಿಗೆ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಮಾರ್ಚಿನಲ್ಲಿ, ಊರಿನ ಪತ್ರ ಬಂದಾಗ. ಜೈತುನಬಿ ಹೇಳಿಸಿ ಸಾಲಿಯ ಶಂಕ್ರೆಪ್ಪ ಮಾಸ್ತರು ಬರೆದಿದ್ದರು.

“ಜೈನ್ಯಾ, ನಿಮ್ಮ ಮೈಬ್ಯಾ ಜೀವಂತ ಅದಾನ. ತಾರಿನವರು ಯಾರದೋ ಹೆಸರು ತಪ್ಪಿ ಬರದಾರ. ಇಂಡಿ ಟೆಂಟಿನ್ಯಾಗ ನಾಕ ದಿನ ನನ್ನ ಕಣ್ಣಾರೆ ನೋಡೇನಿ. ಟೊಪಗಿ ಬೀಸಿ ನಗಾಕತ್ತಾನ. ಸುಖವಾಗಿ ಬರಾಕತ್ತಾರಂತ ಬಾಯಿಲೇ ಹೇಳ್ಯಾರ. ಫಿಲ್ಮಿನ ಪೆಟಗಿ ಸಿಂದಗಿಗೆ ಹೋತು, ಅಲ್ಲಿಗೂ ಹೋಗಿ ನೋಡಿ ಬಂದೇನಿ. ನೀ ಸಿನಿಮಾ ಆಫೀಸಿನ್ಯಾಗ ಇದ್ದಿ. ಅಂವಾ ಎಲ್ಲಿ ಅದಾನ, ಯಾವ ದವಾಖಾನ್ಯಾಗ ಅದಾನ, ಕೇಳಿ ತಿಳಸು.”

ಕೆಳಗೆ ಮಾಸ್ತರು ತಮ್ಮದೇ ಎರಡು ಸಾಲು ಸೇರಿಸಿದ್ದರು. ಗಂಡ ಸತ್ತ ಮೇಲೆ ಕಾಯಬೇಕಾದ ಅಬಿದಾಳ ಇದ್ದತ್ತಿನ ದಿನಗಳು ಮುಗಿದು, ಮುದ್ದೇಬಿಹಾಳದ ಅವಳ ತಂದೆ ಒಂದು ಸಂಬಂಧ ಗೊತ್ತು ಮಾಡಿದ್ದರು. ಆಲಮಟ್ಟಿಯ ಅಣೆಕಟ್ಟಿನ ಕಚೇರಿಯಲ್ಲಿ ಕೆಲಸವಿದ್ದ, ಹೆಂಡತಿ ತೀರಿದ ಮನುಷ್ಯ. ಗಂಡ ಬದುಕಿರುವಾಗ ನಿಕಾಹ್ ಹೇಗೆ ಎಂದು ಜೈತುನಬಿ ಅವರನ್ನು ಬಾಗಿಲಿನಿಂದಲೇ ಕಳಿಸಿದ್ದಳು.

ಜೈನುದ್ದೀನ ಪತ್ರ ಮಡಚಿ ಕಿಸೆಯಲ್ಲಿಟ್ಟ. ಮೂರು ಸಲ ಉತ್ತರ ಬರೆಯಲು ಕೂತ. ‘ಖಾಲಾ’ ಎಂಬ ಮಾತಿನ ಮುಂದೆ ಹೋಗಲಾಗಲಿಲ್ಲ. ಇದು ಪತ್ರದಲ್ಲಿ ಹೇಳುವ ಮಾತಲ್ಲ ಎಂದು ಗೊತ್ತಾಯಿತು. ಸಾಹೇಬರ ಮುಂದೆ ನಿಂತು ರಜೆ ಕೇಳಿದ, ಬೆಳಗಾವಿಯ ಕಾರ್ಡು ನಾಲ್ಕು ದಿನದ ಮಟ್ಟಿಗೆ ಬೇಕೆಂದೂ ಕೇಳಿದ. ಕಾರ್ಡು ಹೊರಗೆ ಹೋಗುವಂತಿಲ್ಲ ಎಂದರು ಅವರು. ಅದರ ನಕಲು ಬರೆದುಕೊಂಡು, ಕಂಪನಿಯ ಶಿಕ್ಕಾ ಹೊಡೆಸಿಕೊಂಡು ಹೊರಟ.

ಇಂಡಿ ಸ್ಟೇಶನ್ನಿನಲ್ಲಿ ಇಳಿದು, ಬಸ್ಸು ಬದಲಿಸಿ ತಾಂಬಾ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಖಾಲಾನ ಮನೆಯ ಗೋಡೆಗೆ ಹೊಸದಾಗಿ ಸುಣ್ಣ ಹಚ್ಚಿದ್ದರು. ಮಗ ಬರುವನೆಂದು ಹಚ್ಚಿಸಿದ್ದೆಂದು ನೋಡಿದೊಡನೆ ಗೊತ್ತಾಯಿತು. ಜೈತುನಬಿ ನೆರೆಮನೆಗೆ ಹೋಗಿದ್ದಳು. ಅಬಿದಾ ನೀರಿನ ತಂಬಿಗೆ ತಂದಿಟ್ಟು ಕದದ ಮರೆಗೆ ನಿಂತಳು.

“ಭಾವಾರ, ನೀವು ಹೇಳಾಕ ಬಂದೀರಿ. ನನಗ ಗೊತ್ತೈತ್ರಿ,” ಎಂದಳು.

“ಏನ ಗೊತ್ತೈತವ್ವ ನಿನಗ?”

“ಅದು ಹಳೀ ಫಿಲ್ಮು. ಹೋದ ವರ್ಷ ಅವರ ಮುಂದಿನ ಹಲ್ಲು ಮುರದಿತ್ತು. ಲಾರಿಯಿಂದ ಜಿಗಿಯೂ ಮುಂದ ಬಿದ್ದಾರ. ನನಗಷ್ಟ ಬರದಿದ್ರು, ಅವ್ವಗ ಓದಿ ಹೇಳಬ್ಯಾಡ, ಅಳತಾಳ ಅಂತ. ಫಿಲ್ಮಿನ್ಯಾಗ ಎಲ್ಲಾ ಹಲ್ಲು ಅದಾವ್ರಿ.”

ಜೈನುದ್ದೀನ ತಂಬಿಗೆ ಮುಟ್ಟಲಿಲ್ಲ. “ಮತ್ತ ನೀ ಯಾಕ ಹೇಳಲಿಲ್ಲ?”

“ಅತ್ತಿ ಆರು ತಿಂಗಳು ಸರಿಯಾಗಿ ಉಂಡಿದ್ದಿಲ್ರಿ. ಟೆಂಟಿನಿಂದ ಬಂದ ದಿನ ತಾವ ರೊಟ್ಟಿ ಬಡದು ಎರಡು ತಿಂದ್ರು. ನನಗೂ ನೀಡಿದ್ರು. ಅದನ್ನ ನೋಡಿ ಹ್ಯಾಂಗ ಹೇಳಲಿ?” ಅವಳ ದನಿ ಕದದ ಹಿಂದೆ ಸಣ್ಣಗಾಯಿತು. “ನಾನೂ ಸಿಂದಗಿಗೆ ಹೋಗಿದ್ನಿರಿ. ಹಲ್ಲು ನೋಡಿದ್ನಿ. ಆದ್ರೂ ಮತ್ತೊಮ್ಮಿ ನೋಡಬೇಕನ್ನಿಸ್ತು.”

ಹಾಗಾದರೆ ಸುಮ್ಮನೆ ತಿರುಗಿ ಹೋಗಲೇ ಎಂದು ಅವನು ಕೇಳಿದ. ಅಬಿದಾ ಹೇಳಿದಳು: “ಅತ್ತಿ ನಾಳಿ ಬಿಜಾಪುರಕ್ಕ ಹೋಗಿ ಕಲೆಕ್ಟರ್ ಸಾಹೇಬರ ಮುಂದ ಕೂಡತೇನಿ ಅಂತಾರ. ಅಲ್ಲಿ ಮಂದಿ ನಕ್ಕೊಂತ ಹೇಳೂಕಿಂತ ನೀವ ಹೇಳೂದು ಚಲೋರಿ.”

ಜೈತುನಬಿ ಬಂದವಳೇ ಅವನ ಕೈ ಹಿಡಿದಳು. ಮುಖ ತುಂಬಿಕೊಂಡಿತ್ತು. “ಬಂದೇನೋ ನನ್ನಪ್ಪ? ಎಲ್ಲಿ ಅದಾನಂತ?”

ಜೈನುದ್ದೀನ ಅವಳನ್ನು ಕೂಡಿಸಿ ಕಿಸೆಯಿಂದ ಕಾಗದ ತೆಗೆದ. ಓದಿದ: “ಜವಾನರು, ಲಾರಿಯಲ್ಲಿ, ನಗುತ್ತ. ಬೆಳಗಾವಿ, ಮಾರ್ಚ್ 1963.”

“ಅಂದ್ರ?”

“ಮೂರು ವರ್ಷದ ಹಿಂದಿಂದು ಖಾಲಾ. ತಾಲೀಮು ಮುಗದ ದಿನ ತಗದಿದ್ದು. ಗೆದ್ದ ಬರೂದಲ್ಲ. ಮಾತು ಆಮ್ಯಾಲ ಸೇರಿಸ್ಯಾರ.”

ಅವಳು ಕಾಗದ ತೆಗೆದುಕೊಂಡು, ಓದು ಬಾರದವಳು, ಅಕ್ಷರಗಳ ಮೇಲೆ ಬೆರಳಾಡಿಸಿದಳು. ಶಿಕ್ಕಾದ ಮೇಲೂ ಆಡಿಸಿದಳು. “ಹಳೀದು ಅಂತ ಗೊತ್ತಿದ್ದೂ ಯಾರು ಕೊಟ್ರೋ ಅದನ್ನ?”

ಅವನು ಸುಳ್ಳು ಹೇಳಬಹುದಿತ್ತು. ಕಂಪನಿಯಲ್ಲಿ ಹನ್ನೆರಡು ಮಂದಿ ಇದ್ದರು.

“ನಾನ ಕೊಟ್ನಿ ಖಾಲಾ. ಅಂವನ ಆಶಾ ಇತ್ತು, ನೀ ಟೆಂಟಿನ್ಯಾಗ ನೋಡ್ಬೇಕಂತ. ಇಷ್ಟಾಗತೈತಿ ಅಂತ ತಿಳದಿದ್ದಿಲ್ಲ.”

ಜೈತುನಬಿ ಅಳಲಿಲ್ಲ. ಕಾಗದವನ್ನು ಮಡಚಿ ಅವನ ಕೈಗೆ ತಿರುಗಿ ಕೊಟ್ಟಳು. ಅವನು ಬೈಗುಳಕ್ಕೆ ಕಾಯುತ್ತಿದ್ದ. ಬೈಗುಳ ಬಂದಿದ್ದರೆ ಚೆನ್ನಾಗಿರುತ್ತಿತ್ತು.

“ಲಾರ್‍ಯಾಗ ಎಂಟು ಮಂದಿ ಇದ್ರಲ್ಲ,” ಎಂದಳು. “ಉಳಿದ ಏಳು ಮಂದಿ ಯಾರು?”

“ಗೊತ್ತಿಲ್ಲ ಖಾಲಾ.”

“ಅವರೊಳಗ ಎಷ್ಟ ಮಂದಿ ಸತ್ತಾರೋ. ಅವರ ಅವ್ವಗೋಳೂ ಟೆಂಟಿಗೆ ಹೋಗಿರತಾರಲ್ಲೋ ಜೈನ್ಯಾ. ಅವರಿಗೆ ಯಾರು ಹೋಗಿ ಹೇಳವ್ರು?”

ಹನ್ನೆರಡು ವರ್ಷದಲ್ಲಿ ಜೈನುದ್ದೀನ ಹೆಸರಿಲ್ಲದ ಜನರ ಸಾವಿರಾರು ಕಾರ್ಡು ಬರೆದಿದ್ದ.

ಅವಳು ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು, ಆಮೇಲೆ ಅಳು. ಅಬಿದಾ ಓಡಿಹೋಗಿ ಅವಳನ್ನು ಹಿಡಿದುಕೊಂಡಳು. ಜೈನುದ್ದೀನ ಸಂಜೆಯ ತನಕ ಪಡಸಾಲೆಯಲ್ಲಿ ಕೂತಿದ್ದು, ಯಾರೂ ಕರೆಯಲಿಲ್ಲವಾಗಿ ಎದ್ದು ಹೋದ.

ಮೇ ತಿಂಗಳಲ್ಲಿ ಜೈತುನಬಿ ತಾನೇ ಅಬಿದಾಳನ್ನು ಮುದ್ದೇಬಿಹಾಳಕ್ಕೆ ಕರೆದುಕೊಂಡು ಹೋಗಿ, ಅವಳ ತಂದೆಯ ಎದುರು ಕೂತು, ತಾನು ಆಡಿದ ಮಾತಿಗೆ ಮಾಫಿ ಕೇಳಿದಳಂತೆ. ನಿಕಾಹ್ ಆಯಿತು. ಜೈತುನಬಿ ಅದಕ್ಕೂ ನಿಂತಳು, ಹೆಣ್ಣಿನ ಕಡೆಯವಳಾಗಿ. ಅಲ್ಲಿಂದ ಬಸವನ ಬಾಗೇವಾಡಿಗೆ, ತನ್ನ ಮಗಳು ಶಮ್ಶುನ್ನೀಸಾಳ ಮನೆಗೆ ಹೋದವಳು ಅಲ್ಲೇ ಉಳಿದಳು.

ಇತ್ತ ಜೈನುದ್ದೀನ ಕೆಲಸಕ್ಕೆ ಮರಳಿದ ಮೊದಲ ದಿನವೇ ಪತ್ರ ಬರೆಯತೊಡಗಿದ. ಸೈನ್ಯದ ಕಚೇರಿಗೆ, ಫಿಲ್ಮು ತೆಗೆದ ಕ್ಯಾಮೆರಾದವನಿಗೆ, ಮೈಬೂಬನ ಜೊತೆ ಇದ್ದ ಒಬ್ಬ ಹವಾಲ್ದಾರನಿಗೆ. ಲಾರಿಯ ಆ ಒಂದು ಚಿತ್ರ ಕತ್ತರಿಸಿ ದೊಡ್ಡದು ಮಾಡಿಸಿ ಜೊತೆಗಿಟ್ಟ. ಕೆಲವು ಪತ್ರ ತಿರುಗಿ ಬಂದವು, ಕೆಲವಕ್ಕೆ ಉತ್ತರವೇ ಇಲ್ಲ. ಹನ್ನೊಂದು ತಿಂಗಳಿಗೆ ಹವಾಲ್ದಾರನ ಪತ್ರ ಬಂತು. ಏಳರಲ್ಲಿ ನಾಲ್ವರ ಗುರುತು ಹತ್ತಿತ್ತು. ಇಬ್ಬರು ತೀರಿದ್ದರು. ಒಬ್ಬನಿಗೆ ಕಾಲಿರಲಿಲ್ಲ. ಒಬ್ಬ ನೌಕರಿ ಬಿಟ್ಟು ಸಾತಾರೆಯ ಕಡೆ ಹೊಲ ಮಾಡಿಕೊಂಡಿದ್ದ. ಜೈನುದ್ದೀನ ತೀರಿದ ಇಬ್ಬರ ಮನೆಗೆ ಆ ಫಿಲ್ಮು ಹಳೆಯದೆಂದು ಬರೆದ, ಕಾರ್ಡಿನ ಹಿಂದೆ ಮೈಬೂಬನದೂ ಸೇರಿ ಐದೂ ಹೆಸರು ಬರೆದ. ಹೆಸರು ಕೇಳಿ ಯಾರೂ ಫಿಲ್ಮು ತೆಗೆದುಕೊಳ್ಳುವುದಿಲ್ಲ, ಯಾಕೆ ಸುಮ್ಮನೆ ತುಂಬಿಸುತ್ತೀ ಎಂದರು ಸಾಹೇಬರು. ಅವನು ಬರೆದದ್ದನ್ನು ಅಳಿಸಲಿಲ್ಲ.

ಹೆಸರುಗಳನ್ನು ಹಿಡಿದು ಬಸವನ ಬಾಗೇವಾಡಿಗೆ ಹೋದಾಗ ಜೈತುನಬಿ ಅಂಗಳದಲ್ಲಿ ಮೊಮ್ಮಗಳ ತಲೆ ಬಾಚುತ್ತಿದ್ದಳು. ಬಹಳ ಇಳಿದಿದ್ದಳು. ಅವನು ಓದಿದ ಒಂದೊಂದೇ ಹೆಸರನ್ನು ತುಟಿಯಲ್ಲೇ ಮತ್ತೆ ಆಡಿಕೊಂಡಳು. ಮರಾಠಿ ಹೆಸರೊಂದು ತೊಡಕಾಯಿತು, ಎರಡು ಸಲ ಹೇಳಿಸಿಕೊಂಡಳು.

“ಇನ್ನ ಮೂವರು?”

“ಸಿಗಲಿಲ್ಲ ಖಾಲಾ. ಹುಡಕಾಕತ್ತೇನಿ.”

“ಹೂಂ,” ಎಂದಳು. ಮೊಮ್ಮಗಳ ಜಡೆ ಕಟ್ಟಿ ಮುಗಿಸಿದಳು. “ಉಂಡ ಹೋಗು. ಶಮ್ಶು, ಅಣ್ಣಗ ತಾಟ ಹಾಕು.”

ತನ್ನನ್ನು ಮಾಫ್ ಮಾಡಿದಳೋ ಇಲ್ಲವೋ ಎಂದು ಕೇಳಬೇಕೆಂದೇ ಅವನು ಮುಂಬಯಿಯಿಂದ ಹೊರಟಿದ್ದ. ಊಟ ಮಾಡುವಾಗ ಅವಳು ಎದುರಿಗೆ ಕೂತಿದ್ದಳು, ಸಾರು ಸಾಕೇ ಎಂದು ಒಮ್ಮೆ ಕೇಳಿದಳು. ಅವನು ಸಾಕೆಂದಷ್ಟೇ ಹೇಳಿದ. ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಆಯಿತು, ಅವಳು ಕೈಕಾಲು ಮುಖ ತೊಳೆದು ವಜೂ ಮಾಡಲು ಎದ್ದಳು. ಜೈನುದ್ದೀನ ಕೈ ತೊಳೆದು, ಬಿಜಾಪುರದ ಬಸ್ಸು ತಪ್ಪೀತೆಂದು ಬೇಗ ಬೇಗ ನಡೆದ.