ಸುಧಾಮಣಿಗಾಗಿ ಪ್ರಾರ್ಥನೆ

ಜಯಶೀಲಾಳ ಮನೆಯಲ್ಲಿ ಟಿವಿ ಇಲ್ಲ ಎನ್ನುವುದು ಗುಂಡ್ಲುಪೇಟೆಯ ಕ್ರೈಸ್ತ ಸಭೆಯವರಿಗೆಲ್ಲ ಗೊತ್ತು. ಗೊತ್ತಾಗದಂತೆ ಇರಲು ಅವಳು ಬಿಟ್ಟಿದ್ದರೆ ತಾನೆ. ಬಂದವರು ಕೂತು ನೀರು ಕುಡಿಯುವಷ್ಟರಲ್ಲಿ, "ನಮ್ಮನೇಲಿ ಅದೊಂದು ಇಟ್ಟಿಲ್ಲ ನೋಡಿ, ಮಗು ದೇವರ ವಾಕ್ಯ ಕಲೀಲಿ ಅಂತ" ಎಂಬ ಮಾತು ಬಂದೇ ಬರುತ್ತಿತ್ತು. ಐದು ವರ್ಷದ ಜೆರುಶಾ ವಾಕ್ಯಗಳನ್ನು ತಡವರಿಸದೆ ಒಪ್ಪಿಸುತ್ತಿದ್ದುದೂ ನಿಜ. ಅದನ್ನು ನೋಡಿಯೇ ಸಭಾಪಾಲಕರು, ಬರುವ ಭಾನುವಾರ ಚಾಮರಾಜನಗರದಲ್ಲಿ ನಡೆಯುವ ತಾಯಂದಿರ ಕೂಟದಲ್ಲಿ 'ಟಿವಿ ಮತ್ತು ನಮ್ಮ ಮಕ್ಕಳು' ಎಂಬ ವಿಷಯವಾಗಿ ಮಾತಾಡಲು ಅವಳನ್ನೇ ಕೇಳಿದ್ದರು. ಕಾಲು ಗಂಟೆಯ ಮಾತಿಗೆ ಅವಳು ಎಂಟು ಪುಟ ಬರೆದುಕೊಂಡಿದ್ದಳು.

ಅವಳು ಖಾಸಗಿ ಶಾಲೆಯೊಂದರಲ್ಲಿ ಟೀಚರು, ಮನೆ ಸೇರುವುದು ಸಂಜೆ ಐದಕ್ಕೆ. ಗಂಡ ದಿಲೀಪ್ ಬಸ್ ಕಂಡಕ್ಟರ್, ಅವನು ಯಾವಾಗ ಬರುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಜೆರುಶಾಳ ಶಾಲೆ ಮೂರಕ್ಕೆ ಬಿಟ್ಟರೆ, ಐದರವರೆಗೆ ಎದುರು ಮನೆಯ ಪುಟ್ಟಬಸಮ್ಮನೇ ಗತಿ. ಹಣೆಗೆ ವಿಭೂತಿ, ಬಾಯಿಗೆ ಎಲೆಅಡಿಕೆ, ಮಕ್ಕಳೆಂದರೆ ಪ್ರಾಣ ಬಿಡುವ ಮುದುಕಿ. ಮಗುವನ್ನು ಒಪ್ಪಿಸುವ ಮೊದಲ ದಿನವೇ ಜಯಶೀಲಾ, "ಮಗೂಗೆ ಟಿವಿ ಮಾತ್ರ ಹಾಕ್ಕೊಡ್ಬೇಡಿ ಪುಟ್ಟಬಸಮ್ಮಾರೆ" ಎಂದಿದ್ದಳು. "ನಾನ್ಯಾಕ್ ಆಕ್ಕೊಡ್ಲಿ ಬುಡವ್ವ" ಎಂದಿದ್ದಳು ಮುದುಕಿ. ಅಷ್ಟಕ್ಕೇ ಬಿಡದೆ ಜಯಶೀಲಾ ದಿನವೂ ಮಗಳನ್ನು ಕೇಳುವಳು, "ಟಿವಿ ಹಾಕ್ದಾ ಜೆರು?" ಜೆರು, "ಇಲ್ಲಮ್ಮ" ಅನ್ನುವಳು. ಅಲ್ಲಿಗೆ ತಾಯಿಗೆ ನೆಮ್ಮದಿ.

ಸೋಮವಾರ ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ, ಯಾರಿಗಾಗಿ ಬೇಡಿಕೊಳ್ಳುತ್ತೀಯೆಂದು ಕೇಳಿದಾಗ ಜೆರುಶಾ ಮೊಣಕಾಲೂರಿ ಕಣ್ಣು ಬಿಗಿಯಾಗಿ ಮುಚ್ಚಿದಳು. "ಯೇಸಪ್ಪಾ, ಸುಧಾಮಣಿ ಆಂಟಿ ಐಸಿಯುನಲ್ಲವ್ರೆ. ಹೊಟ್ಟೇಲಿ ಪಾಪು ಅದೆ. ಅವ್ರತ್ತೆ ಹಾಲಲ್ಲಿ ಏನೋ ಹಾಕ್ಬುಟ್ರು. ಆಂಟಿ ಕಣ್ಣು ಬಿಡ್ಲಿ. ಆಮೆನ್."

ಜಯಶೀಲಾಳ ಕಣ್ಣು ತುಂಬಿ ಬಂತು. ಪುಟ್ಟಬಸಮ್ಮನ ಕಡೆಯ ಯಾರೋ ಇರಬೇಕು, ಅಲ್ಲಿ ಆಡಿದ ಮಾತು ಮಗುವಿನ ಕಿವಿಗೆ ಬಿದ್ದಿದೆ ಎಂದುಕೊಂಡಳು. ತನ್ನ ಹೊಟ್ಟೆಯಲ್ಲಿ ಎಂಥ ಮಗು ಹುಟ್ಟಿತು ಎಂಬ ಹಿಗ್ಗಿನಲ್ಲಿ ಬೇರೇನನ್ನೂ ಕೇಳಬೇಕೆನ್ನಿಸಲಿಲ್ಲ. ಹಾಲಿನ ವಿಚಾರ ಪೊಲೀಸು ಗಿಲೀಸು ಎಂದು ಹೋದೀತೆಂದು ಅದನ್ನು ಬಿಟ್ಟು, ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದಳು: 'ಸುಧಾಮಣಿ, ತುಂಬು ಗರ್ಭಿಣಿ, ಐಸಿಯುನಲ್ಲಿದ್ದಾರೆ. ಪ್ರಾರ್ಥಿಸಿರಿ.' ಮುಗಿದ ಕೈಗಳು ಸಾಲುಗಟ್ಟಿ ಬಂದವು. ಬುಧವಾರದ ಹೊತ್ತಿಗೆ ತೆರಕಣಾಂಬಿಯ ಸಭೆಯಲ್ಲೂ ಪ್ರಾರ್ಥಿಸುತ್ತಿದ್ದಾರೆಂದು ಸುದ್ದಿ ಬಂತು. ಶುಕ್ರವಾರ ಸ್ತ್ರೀಯರ ಸಂಘದ ಹಿರಿಯಳು ರಾಚಮ್ಮ, ಸಕ್ಕರೆ ಕಾಯಿಲೆಯನ್ನೂ ಲೆಕ್ಕಿಸದೆ ಸುಧಾಮಣಿಗಾಗಿ ಒಂದು ಹೊತ್ತು ಉಪವಾಸ ಮಾಡಿದಳು.

ಶನಿವಾರ ಮಧ್ಯಾಹ್ನ ಅದೇ ರಾಚಮ್ಮ, ಸಂಘದ ನೀಲಾವತಿಯನ್ನು ಕರೆದುಕೊಂಡು, ಬ್ರೆಡ್ಡು ಕಿತ್ತಳೆಹಣ್ಣು ಹಿಡಿದು ಜಯಶೀಲಾಳ ಮನೆಗೆ ಬಂದಳು. ಶನಿವಾರ ಅರ್ಧ ದಿನದ ಶಾಲೆ, ಜಯಶೀಲಾ ಆಗತಾನೆ ಬಂದಿದ್ದಳು.

"ಅದ್ಯಾವ ಆಸ್ಪತ್ರೆ ಅಂತ ಕೇಳವ್ವ, ಓಗಿ ನೋಡ್ಕ ಬರನ" ಎಂದಳು ರಾಚಮ್ಮ.

ಮೂವರೂ ಎದುರು ಮನೆಗೆ ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಟಿವಿ ನಡೆಯುತ್ತಿತ್ತು. ತೆರೆಯ ಮೇಲೆ ಮೂಗಿಗೆ ಕೊಳವೆ ಹಾಕಿಕೊಂಡು, ಜರಿ ಸೀರೆ, ಜುಮುಕಿ ಸಮೇತ ಒಬ್ಬಳು ಮಲಗಿದ್ದಳು. ಜೆರುಶಾ ಸ್ಟೂಲಿನ ಮೇಲೆ ಹತ್ತಿ, ಆ ಹೆಂಗಸಿನ ಹಣೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತಿದ್ದಳು. ಸಭೆಯಲ್ಲಿ ಸಭಾಪಾಲಕರು ರೋಗಿಗಳ ತಲೆಯ ಮೇಲೆ ಕೈಯಿಡುತ್ತಿದ್ದುದೂ ಹಾಗೆಯೇ.

"ದಿನಾ ಇಂಗೇಯ" ಎಂದಳು ಪುಟ್ಟಬಸಮ್ಮ, ಬಂದವರಿಗೆ ಚಾಪೆ ಹಾಸುತ್ತ. "ಸುಧಾಮಣಿ ಬಂದ್ಲು ಅಂದ್ರೆ ಸಾಕು, ಎದ್ದೋಗಿ ಕೈ ಮಡಗ್ಬುಡ್ತದೆ."

ಜಯಶೀಲಾ ಮಗಳನ್ನು ಸ್ಟೂಲಿನಿಂದ ಇಳಿಸಿದಳು. "ಟಿವಿ ಹಾಕ್ಕೊಡ್ಬೇಡಿ ಅಂದಿದ್ನಲ್ಲ."

"ನಾನೆಲ್ಲಿ ಆಕ್ಕೊಟ್ಟೆ? ನಾನು ನೋಡ್ತಿದ್ದೆ, ಮಗ ಪಕ್ಕದಲ್ಲಿ ಕೂತಿತ್ತು ಕಣವ್ವ."

ಮುದುಕಿಯ ಮಾತಿನಲ್ಲಿ ಕಪಟವಿರಲಿಲ್ಲ. ನೀಲಾವತಿ ತೆರೆಯನ್ನೇ ನೋಡುತ್ತ, "ಅಯ್ಯೋ, ಇವ್ಳಾ" ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. ರಾಚಮ್ಮ ಕಿತ್ತಳೆಹಣ್ಣಿನ ಚೀಲವನ್ನು ಪುಟ್ಟಬಸಮ್ಮನ ಮುಂದಿಟ್ಟು, ಚಪ್ಪಲಿ ಮೆಟ್ಟಿದಳು. ಉಪವಾಸ ಮಾಡಿದ ಹೊಟ್ಟೆ ಅದು, ಉರಿಯದೆ ಇದ್ದೀತೆ. ನಾಳೆ ಚಾಮರಾಜನಗರದ ಕೂಟ ಸೇರುವ ಹೊತ್ತಿಗೆ ಈ ಸುದ್ದಿ ತನಗಿಂತ ಮೊದಲು ಅಲ್ಲಿರುತ್ತದೆಂದು ಜಯಶೀಲಾಳಿಗೆ ಅನುಮಾನವೇ ಉಳಿಯಲಿಲ್ಲ.

ಮನೆಗೆ ಬಂದವಳೇ ಮಗಳ ರಟ್ಟೆ ಹಿಡಿದಳು. "ಯಾಕೆ ಸುಳ್ಳು ಹೇಳ್ದೆ? ಟಿವಿ ಹಾಕ್ದಾ ಅಂದ್ರೆ ಇಲ್ಲ ಅಂದೆ."

"ನಾನು ಹಾಕ್ಲಿಲ್ಲ. ಅಜ್ಜಿ ಹಾಕ್ಕತಾರೆ."

"ಸುಧಾಮಣಿ ಟಿವೀಲಿರೋಳು ಅಂತ ಯಾಕೆ ಹೇಳ್ಲಿಲ್ಲ?"

"ನೀನು ಎಲ್ಲವ್ರೆ ಅಂತ ಕೇಳ್ಲಿಲ್ವಲ್ಲಮ್ಮ."

ಜಯಶೀಲಾ ಕೈ ಸಡಿಲಿಸಿದಳು. ಮಗು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಅವಳನ್ನು ಹೆಚ್ಚು ನೋಯಿಸಿತು. ಆದರೂ ಟೀಚರು ಟೀಚರೇ. ಅದು ನಾಟಕ, ಅವಳಿಗೆ ಏನೂ ಆಗಿಲ್ಲ, ಮಲಗಿಕೊಂಡಂತೆ ಮಾಡಿದರೆ ದುಡ್ಡು ಕೊಡುತ್ತಾರೆ, ಪಾಪುವೂ ಇಲ್ಲ, ಬಟ್ಟೆ ಸುತ್ತಿಟ್ಟಿರುತ್ತಾರೆ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಜೆರುಶಾ ಅಳಲಿಲ್ಲ. ತನ್ನ ಅಂಗೈಯನ್ನು ಒಂದಷ್ಟು ಹೊತ್ತು ನೋಡಿಕೊಂಡು ಫ್ರಾಕಿಗೆ ಒರೆಸಿಕೊಂಡಳು.

ಏಳು ಗಂಟೆಗೆ ಪ್ರಾರ್ಥನೆಗೆ ಕೂತರು. ದಿಲೀಪನೂ ಅಂದು ಬೇಗ ಬಂದಿದ್ದ. ಮಗಳ ಸರದಿ ಬಂದಾಗ ಅವಳು ಮೊಣಕಾಲೂರಲೂ ಇಲ್ಲ, ಕಣ್ಣು ಮುಚ್ಚಲೂ ಇಲ್ಲ. ಜಯಶೀಲಾ ಮೊಬೈಲಿನಲ್ಲಿ ಗುಂಪಿನ ಪಟ್ಟಿ ನೋಡಿ, "ಕುದೇರಿನ ಮಲ್ಲೇಶ್ ಅಂಕಲ್‌ಗೆ ಕಾಲು ಮುರಿದಿದೆಯಂತೆ ಜೆರು, ಅವರಿಗಾಗಿ ಮಾಡು" ಎಂದಳು.

"ಅವ್ರು ನಿಜದೋರಾ?"

"ಹೂಂ ಕಣೆ, ನಿಜದೋರು."

"ನೀನು ನೋಡಿದ್ದೀಯಾ?"

ಜಯಶೀಲಾ ನೋಡಿರಲಿಲ್ಲ. ಹೆಸರು ಗುಂಪಿಗೆ ಬಂದಿತ್ತು, ಅವಳು ಮುಗಿದ ಕೈಗಳನ್ನು ಒತ್ತಿ ಮೂವರಿಗೆ ಕಳಿಸಿದ್ದಳು. ಹೋದ ತಿಂಗಳು ಹೀಗೆ ಕಳಿಸಿದ ಹೆಸರುಗಳಲ್ಲಿ ಯಾರು ಬದುಕಿದರು, ಯಾರು ಸತ್ತರು ಎಂದು ಅವಳು ವಿಚಾರಿಸಿರಲಿಲ್ಲ. ಹೌದು ಎಂದುಬಿಡಬಹುದಿತ್ತು. ದಿಲೀಪ ಕಣ್ಣು ತೆರೆದು ಅವಳತ್ತ ನೋಡಿದ.

"ಇಲ್ಲ" ಎಂದಳು.

"ಹಂಗಾದ್ರೆ ನಂಗೆ ಬ್ಯಾಡ" ಎಂದಳು ಜೆರುಶಾ, ಕೋಪವೇನೂ ಇಲ್ಲದೆ, ಸಾಕೆಂದು ತಟ್ಟೆ ಸರಿಸುವವರ ಹಾಗೆ. ಎದ್ದು ಹೋಗಿ ಹಾಸಿಗೆಯ ಮೇಲೆ ಕೂತಳು. ಅವಳಿಗೆ ಮಾತು ಬಂದಾಗಿನಿಂದ ಮೊದಲ ಸಲ, ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಆಮೆನ್ ಅಂದರು.