ಒಂದು ಬೆರಳಿನ ಓರೆ

ನನ್ನ ಸುತ್ತಿಗೆಯ ಬಗ್ಗೆ ನಾನೇ ಹೇಳಿಕೊಂಡರೆ ಜಂಬ ಎನ್ನುತ್ತಾರೆ. ಅನ್ನಲಿ. ಅಲ್ಯೂಮಿನಿಯಂ ತಗಡನ್ನು ಬಡಿದು ಕಾರಿಗೆ ಮೈ ಕಟ್ಟುವುದು ನನ್ನ ಕಸುಬು, ಅದರಲ್ಲಿ ನನ್ನದು ಎತ್ತಿದ ಕೈ. ಇಪ್ಪತ್ತೆರಡು ವರ್ಷಗಳಿಂದ ಈ ಶೆಡ್ಡಿನಲ್ಲಿ ದೊಡ್ಡವರು ಚಿಕ್ಕವರು ಎಲ್ಲರೂ ನನ್ನನ್ನು ಟಿಂಕರ್ ಅಕ್ಕ ಎಂದೇ ಕರೆಯುತ್ತಾರೆ. ನಾನು ಮಾಡಿದ ಬಾಗಿಲಿಗೂ ಅದರ ಚೌಕಟ್ಟಿಗೂ ನಡುವೆ ಒಂದು ರಟ್ಟು ತೂರಿಸಬಹುದು, ಎರಡು ತೂರಿಸಲು ಆಗುವುದಿಲ್ಲ. ಬೇಕಾದರೆ ಬಂದು ನೋಡಿ.

ಆ ವರ್ಷ ನಮ್ಮ ಯಜಮಾನರಿಗೆ ರೇಸಿನ ಕಾರು ಕಟ್ಟುವ ಹುಚ್ಚು ಹಿಡಿಯಿತು. ಅದೂ ಎಂಥದ್ದು, ಹಳೆಯ ಪ್ರೊಪೆಲ್ಲರ್ ವಿಮಾನದ ಹಾಗೆ ಕಾಣಬೇಕು. ಗೋಡೆ ತುಂಬ ವಿಮಾನದ ಚಿತ್ರ ಅಂಟಿಸಿದರು. ನನಗೂ ಒಳಗೊಳಗೇ ಖುಷಿಯಾಯಿತು. ಕಾರು ಮಾಡಿದವರು ಎಷ್ಟೋ ಗೆರೆಗಳನ್ನು ಚೆಂದಕ್ಕೆಂದು ಎಳೆದಿರುತ್ತಾರೆ, ವಿಮಾನ ಮಾಡಿದವರಿಗೆ ಆ ಭಾಗ್ಯ ಇರಲಿಲ್ಲ, ಗೆರೆ ತಪ್ಪಿದರೆ ಅದು ನೆಲಕ್ಕೆ ಬೀಳುತ್ತಿತ್ತು. ಹಾಗಾಗಿ ಅದರ ಮೈಯಲ್ಲಿ ಸುಮ್ಮನೆ ಇರುವಂಥದ್ದು ಏನೂ ಇಲ್ಲ. ಗಾಳಿ ಒಳಗೆ ಎಳೆದುಕೊಳ್ಳಲು ದುಂಡು ಮೂಗು, ಬಾಲದ ಕಡೆಗೆ ಸಣ್ಣಗಾಗುತ್ತ ಹೋಗುವ ಬೆನ್ನು, ಚಾಲಕನ ತಲೆಯ ಮೇಲೆ ಕವುಚಿದ ಗಾಜಿನ ಬುರುಡೆ. ಇವನ್ನೆಲ್ಲ ಒಂದೊಂದಾಗಿ ಕಾರಿಗೆ ಇಳಿಸಿದೆವು. ಕೊನೆಗೆ ಉಳಿದದ್ದು ಫಿನ್, ಅಂದರೆ ವಿಮಾನದ ಬಾಲದ ಮೇಲೆ ನೆಟ್ಟಗೆ ನಿಂತಿರುವ ರೆಕ್ಕೆ.

"ಇದ್ಯಾಕಕ್ಕ ಕಾರಿಗೆ ಜುಟ್ಟು?" ಎಂದು ಮೆಕ್ಯಾನಿಕ್ ನಕ್ಕ.

"ಬಾಣದ ಹಿಂದೆ ಗರಿ ಯಾಕೆ ಇರುತ್ತೋ ಅದಕ್ಕೇ. ಜೋರಾಗಿ ಹೋಗುವಾಗ ಬಾಲ ಅಲ್ಲಾಡಬಾರದು ಅಂತ," ಎಂದೆ.

ಅಂಥದ್ದೊಂದು ಸಣ್ಣ ವಿಮಾನ ಊರಾಚೆಯ ತಾಂತ್ರಿಕ ಶಾಲೆಯ ಅಂಗಳದಲ್ಲಿ ನಿಂತಿತ್ತು, ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲೆಂದು. ಮೂರು ದಿನ ಏಣಿ ಹತ್ತಿ ಇಳಿದು, ಆ ಫಿನ್ನಿಗೆ ರಟ್ಟಿನ ಅಚ್ಚು ಕತ್ತರಿಸಿ ಕತ್ತರಿಸಿ ಅಳತೆ ತೆಗೆದೆ. ವಿಮಾನದ ಬೆನ್ನ ನಡುವೆ ತಗಡುಗಳನ್ನು ಬೆಸೆಯುವ ರಿವೆಟ್ ಮೊಳೆಗಳ ಒಂದು ಸಾಲು ಇತ್ತು. ಅದನ್ನೇ ನಡುಗೆರೆ ಎಂದು ಹಿಡಿದು, ಅದಕ್ಕೆ ಹೊಂದಿಸಿ ಪ್ರತಿಯೊಂದು ಅಚ್ಚಿಗೂ ಗುರುತು ಹಾಕಿಕೊಂಡೆ. ಶೆಡ್ಡಿಗೆ ಬಂದು ಮರದ ಪಡಿಯಚ್ಚು ಮಾಡಿ, ತಗಡು ಬಡಿದು, ಚಾಲಕನ ತಲೆಯ ಹಿಂದೆ ಕೂರಿಸಿದೆ. ಎರಡು ಮೊಳ ಉದ್ದ, ಒಂದು ಮೊಳ ಎತ್ತರ. ವಿಮಾನದಲ್ಲಿ ಹೇಗಿತ್ತೋ ಹಾಗೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಅದನ್ನು ನೋಡಿ ಯಜಮಾನರು ನನ್ನ ಬೆನ್ನು ತಟ್ಟಿ ಹೋದರು.

ಕಾರು ಓಡಿಸುವವನು ನನ್ನ ಸ್ವಂತ ತಮ್ಮ. ಒಂಬತ್ತು ವರ್ಷ ಚಿಕ್ಕವನು, ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಮಾತು ಕಮ್ಮಿ, ಸ್ಟೇರಿಂಗ್ ಹಿಡಿದರೆ ಮಾತ್ರ ರಾಜ. ಮೊದಲ ದಿನ ಟ್ರ್ಯಾಕಿನಿಂದ ಬಂದವನೇ ಹೆಲ್ಮೆಟ್ ತೆಗೆದು, "ನೂರೈವತ್ತು ದಾಟಿದ್ರೆ ಬಲಕ್ಕೆ ಎಳೆಯುತ್ತೆ," ಎಂದ.

ಮೆಕ್ಯಾನಿಕ್ ಚಕ್ರಗಳ ಅಲೈನ್‌ಮೆಂಟ್ ನೋಡಿದ. ಸರಿಯಿತ್ತು. ಟೈರು ಬದಲಿಸಿದ, ಬ್ರೇಕು ಬಿಚ್ಚಿದ, ಸ್ಟೇರಿಂಗಿನ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದ. ಎಲ್ಲ ಸರಿಯಿತ್ತು. ಯಜಮಾನರು ತಾವೇ ಒಂದು ಸುತ್ತು ಓಡಿಸಿದರು. ಅವರ ಓಟ ಎಂಬತ್ತು ತೊಂಬತ್ತು, ಅಷ್ಟಕ್ಕೇ ಅವರಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. "ದಾರದ ಹಾಗೆ ನೆಟ್ಟಗೆ ಹೋಗುತ್ತಲ್ಲಯ್ಯ," ಎಂದು ಇಳಿದರು. ಹೀಗೆ ಮೂರು ವಾರ. ತಮ್ಮ ಎಳೆಯುತ್ತೆ ಎನ್ನುವುದು, ಇವರು ಇಲ್ಲ ಎನ್ನುವುದು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಮತ್ತೆ ಅದೇ ರಾಗ ತೆಗೆದ. ನನಗೆ ರೇಗಿತು. ನಾವು ಬೆವರು ಸುರಿಸಿ ಕಟ್ಟಿದ ಕಾರಿಗೆ ಇವನು ದಿನಾ ಹೆಸರಿಡುತ್ತಾನಲ್ಲ ಎಂದು. ಎಲ್ಲರ ಎದುರಿಗೇ ಹೇಳಿಬಿಟ್ಟೆ, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ." ಶೆಡ್ಡಿಗೆ ಶೆಡ್ಡೇ ನಕ್ಕಿತು. ಅವನು ಡಬ್ಬಿ ಮುಚ್ಚಿ ಕೈ ತೊಳೆಯಲು ಎದ್ದು ಹೋದ. ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಇತ್ತು.

ಆ ವಾರದ ಕೊನೆಗೆ ಯಜಮಾನರು ಹೇಳಿದರು, ಶನಿವಾರ ಬೇರೆ ಚಾಲಕ ಬರುತ್ತಾನೆ, ರೇಸಿಗೆ ಅವನೇ. ನ್ಯಾಯ ಅಂದರೆ ನ್ಯಾಯ, ತಮ್ಮ ಎಂದು ಪಕ್ಷ ವಹಿಸುವವಳು ನಾನಲ್ಲ ಎಂದು ನನ್ನನ್ನೇ ಮೆಚ್ಚಿಕೊಂಡೆ.

ಸಂಜೆ ತಮ್ಮನ ಮನೆಗೆ ಹೋದೆ. ಅವನಿರಲಿಲ್ಲ. ಅವನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ನನ್ನ ಮುಖ ನೋಡದೆಯೇ ಹೇಳಿದಳು, "ಎರಡು ಸಲ ಕಣ್ಣಿನ ಡಾಕ್ಟರ ಹತ್ರ ಹೋಗಿಬಂದ್ರು ಅತ್ತಿಗೆ. ಕಣ್ಣು ಚೆನ್ನಾಗಿದೆ ಅಂದ್ರಂತೆ. ಈಗ ಬೆಳಗ್ಗೆ ಎದ್ದು ಬಿಳಿ ಹಾಳೆ ಮೇಲೆ ಗೆರೆ ಎಳೀತಾ ಕೂರ್ತಾರೆ."

"ಗೆರೆ ಯಾಕೆ?"

"ಕೈ ನೆಟ್ಟಗಿದ್ಯಾ ಅಂತ ನೋಡೋಕೆ."

ಮೇಜಿನ ಮೇಲೆ ಆ ಹಾಳೆಗಳಿದ್ದವು, ಒಂದು ಕಟ್ಟು. ಎಲ್ಲವೂ ನೆಟ್ಟಗಿನ ಗೆರೆಗಳೇ. ಈ ಕೈ ಸರಿಯಾಗಿದ್ದರೆ ದೋಷ ಕಾರಿನಲ್ಲೇ ಇರಬೇಕು.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಚಕ್ರ, ಟೈರು, ಬ್ರೇಕು ಎಲ್ಲವನ್ನೂ ನೋಡಿಯಾಗಿತ್ತು. ನನ್ನ ಕೆಲಸವನ್ನು ಮಾತ್ರ ಯಾರೂ ನೋಡಿರಲಿಲ್ಲ, ಟಿಂಕರ್ ಅಕ್ಕನ ಕೆಲಸವನ್ನು ಯಾರು ನೋಡುತ್ತಾರೆ. ಕಾರಿನ ಮೂಗಿನಿಂದ ಬಾಲದವರೆಗೆ, ಅದರ ನಡುಗೆರೆಗೆ ಸಮಾನಾಂತರವಾಗಿ, ಫಿನ್ನಿನ ಹಿಂತುದಿಯನ್ನು ಮುಟ್ಟಿಕೊಂಡು ದಾರ ಬಿಗಿದೆ. ಫಿನ್ನಿನ ಮುಂತುದಿಯೂ ಆ ದಾರಕ್ಕೇ ಅಂಟಬೇಕಿತ್ತು. ಅಂಟಲಿಲ್ಲ, ಒಂದು ಬೆರಳು ಎಡಕ್ಕಿತ್ತು. ಕಣ್ಣಿಗೆ ಯಾಕೆ ಕಾಣಲಿಲ್ಲ ಎಂದರೆ, ಫಿನ್ ಇದ್ದದ್ದು ಕಾರಿನ ನಟ್ಟನಡುವೆ ಅಲ್ಲ, ಒಂದು ಪಕ್ಕದಲ್ಲಿ, ಚಾಲಕನ ತಲೆಯ ಹಿಂದೆ. ಪಕ್ಕದಲ್ಲಿ ನಿಂತದ್ದು ಓರೆಯೋ ನೆಟ್ಟಗೋ ಎಂದು ಹೋಲಿಸಿ ನೋಡಲು ಇನ್ನೊಂದು ಇರಲಿಲ್ಲ.

ನಾನು ತಪ್ಪು ಮಾಡಿದೆ ಎಂದು ಆಗಲೂ ಒಪ್ಪಲಿಲ್ಲ. ರಟ್ಟಿನ ಅಚ್ಚುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ತಾಂತ್ರಿಕ ಶಾಲೆಗೆ ಓಡಿದೆ. ಏಣಿ ಹತ್ತಿ ಒಂದೊಂದೇ ಅಚ್ಚನ್ನು ವಿಮಾನದ ಫಿನ್ನಿಗೆ ಹಿಡಿದೆ. ಎಲ್ಲವೂ ಕೈಗೆ ಕೈಗವಸಿನಂತೆ ಕೂತವು. ನಡುಗೆರೆಗೆ ದಾರ ಬಿಗಿದು ನೋಡಿದರೆ ವಿಮಾನದ ಫಿನ್ನೇ ಎಡಕ್ಕೆ ಒಂದು ಬೆರಳು ತಿರುಗಿತ್ತು.

ಕೆಳಗೆ ವಿಮಾನ ನೋಡಿಕೊಳ್ಳುವ ಮುದುಕರು ನಿಂತಿದ್ದರು. ನಲವತ್ತು ವರ್ಷ ವಿಮಾನಗಳಿಗೆ ರಿವೆಟ್ ಹೊಡೆದವರು, ಮಕ್ಕಳು ಅವರನ್ನು ರಿವೆಟ್ ತಾತ ಎನ್ನುತ್ತಿದ್ದರು. ನಾನು ಅಳತೆ ತೆಗೆದ ವಾರ ಅವರು ಮಂಡಿನೋವಿಗೆ ರಜೆ ಹಾಕಿದ್ದರು.

"ತಾತ, ನಿಮ್ಮ ವಿಮಾನ ಸೊಟ್ಟಗಿದೆ," ಎಂದೆ ಮೇಲಿನಿಂದಲೇ.

"ಸೊಟ್ಟಗೇ ಇರಬೇಕು ತಾಯಿ. ನಾವೇ ಸೊಟ್ಟಗೆ ಕೂರಿಸ್ತಿದ್ವಿ."

"ಯಾಕೆ?"

"ಮೂಗಿನ ಮೇಲೆ ಫ್ಯಾನ್ ತಿರುಗುತ್ತಲ್ಲ, ಅದು ಗಾಳೀನ ನೆಟ್ಟಗೆ ತಳ್ಳಲ್ಲ, ಹಗ್ಗ ಹೊಸೆದ ಹಾಗೆ ಸುತ್ತಿಸಿ ತಳ್ಳುತ್ತೆ. ಆ ಗಾಳಿ ಎಡಗಡೆಯಿಂದ ಬಂದು ಬಾಲಕ್ಕೆ ಹೊಡೆಯುತ್ತೆ. ಫಿನ್ ನೆಟ್ಟಗಿದ್ರೆ ವಿಮಾನ ಒಂದು ಕಡೆಗೆ ಎಳೆಯುತ್ತೆ. ಅದಕ್ಕೇ ಫಿನ್ನಿನ ಮುಖಾನ ಆ ಗಾಳಿ ಕಡೆಗೆ ಒಂಚೂರು ತಿರುಗಿಸಿ ಇಡೋದು." ಅವರು ನನ್ನ ಅಚ್ಚುಗಳನ್ನು ನೋಡಿ ನಕ್ಕರು. "ಯಾಕಮ್ಮ, ನಿಮ್ಮ ಕಾರಿನ ಮೂಗಿಗೂ ಫ್ಯಾನ್ ಕಟ್ಟಿದ್ದೀರಾ?"

ನಾನು ಏಣಿಯ ಮೇಲೆಯೇ ಕೂತುಬಿಟ್ಟೆ. ಆಕಾರವನ್ನು ತಂದಿದ್ದೆ, ಅದರ ಕಾರಣವನ್ನು ಅಲ್ಲೇ ಬಿಟ್ಟು ಬಂದಿದ್ದೆ. ನೆಟ್ಟಗಿನ ಗಾಳಿಯಲ್ಲಿ ಆ ಓರೆ ಫಿನ್ ಕಾರಿನ ಬಾಲವನ್ನು ಎಡಕ್ಕೆ ತಳ್ಳುತ್ತಿತ್ತು, ಮೂಗು ಬಲಕ್ಕೆ ಹೋಗುತ್ತಿತ್ತು. ನಿಧಾನ ಹೋದರೆ ಗಾಳಿಗೆ ಅಷ್ಟು ಬಲವಿಲ್ಲ, ಜೋರಾಗಿ ಹೋದವನಿಗೆ ಮಾತ್ರ ಅದು ಗೊತ್ತಾಗುತ್ತದೆ. ಜೋರಾಗಿ ಹೋದವನು ಒಬ್ಬನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು. ಬರೆಯ ಕೋಲು ನನ್ನ ಕೈಯಲ್ಲೇ ಇತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಯೋಚನೆ ಬಂತು, ಸುಳ್ಳು ಹೇಳುವುದಿಲ್ಲ. ಬಣ್ಣ ಸರಿಮಾಡುವ ನೆಪದಲ್ಲಿ ಫಿನ್ ಬಿಚ್ಚಿ ನೆಟ್ಟಗೆ ಕೂರಿಸಿದರೆ ಯಾರಿಗೆ ತಿಳಿಯುತ್ತದೆ? ಕಾರು ಸರಿಹೋಗುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಆದರೆ ಶನಿವಾರ ಹೊಸಬ ಬಂದು ಕಾರನ್ನು ನೆಟ್ಟಗೆ ಓಡಿಸುತ್ತಾನೆ. ನನ್ನ ತಮ್ಮ ಬದುಕಿರುವವರೆಗೂ ಬಿಳಿ ಹಾಳೆಯ ಮೇಲೆ ಗೆರೆ ಎಳೆಯುತ್ತಾನೆ. ಅಲ್ಲಿಗೆ ಆ ಯೋಚನೆಯನ್ನು ಬಿಟ್ಟೆ.

ಶೆಡ್ಡಿಗೆ ಬಂದು ಎಲ್ಲರನ್ನೂ ಕೂಗಿದೆ. ತಮ್ಮ ತನ್ನ ಹೆಲ್ಮೆಟ್ಟು, ಶೂಗಳನ್ನು ಚೀಲಕ್ಕೆ ತುಂಬಿಕೊಳ್ಳಲು ಬಂದಿದ್ದ. ದಾರ ಬಿಗಿದು ತೋರಿಸಿದೆ. ವಿಮಾನದ ಕಥೆ ಹೇಳಿದೆ. "ಇವನ ಕೈಯಲ್ಲಿ ಏನೂ ದೋಷ ಇಲ್ಲ. ನೆಲಾನೇ ಡೊಂಕಿತ್ತು, ಡೊಂಕು ಮಾಡಿದವಳು ನಾನು," ಎಂದೆ. ದನಿ ಸ್ವಲ್ಪವೂ ತಗ್ಗಿಸಲಿಲ್ಲ, ತಪ್ಪನ್ನೂ ನಾನು ಜೋರಾಗಿಯೇ ಹೇಳುವವಳು.

ಯಜಮಾನರು ಫಿನ್ನನ್ನೂ ನನ್ನನ್ನೂ ನೋಡಿದರು. "ಇಷ್ಟೇ ಇಷ್ಟು ತಗಡು ಇಡೀ ಕಾರನ್ನ ಎಳೆಯುತ್ತಾ?"

ನಾನು ಉತ್ತರ ಕೊಡುವ ಮೊದಲೇ ತಮ್ಮ ಮಾತಾಡಿದ. "ಬಿಡು ಅಕ್ಕ."

"ಏನು ಬಿಡು?"

"ನನ್ನ ಮಾನ ಉಳಿಸೋಕೆ ನೀನು ತಪ್ಪು ಹೊತ್ಕೋಬೇಡ. ನೀನು ತಪ್ಪು ಮಾಡಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ಆ ದಾರಾನೂ ನೀನೇ ಬಿಗಿದಿರೋದು."

ನನಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ನಾನು ಮಾಡಿದ್ದೇ ಸರಿ ಎಂದು ಬೆಳೆಸಿದ ಹುಡುಗ, ಈಗ ನಾನೇ ತಪ್ಪು ಮಾಡಿದೆ ಎಂದರೆ ನಂಬುತ್ತಿಲ್ಲ. ವಾದ ಮಾಡಿ ಪ್ರಯೋಜನವಿರಲಿಲ್ಲ. ಡ್ರಿಲ್ ತಗೊಂಡು ರಿವೆಟ್‌ಗಳನ್ನು ಒಂದೊಂದಾಗಿ ಕೊರೆದು ಫಿನ್ನನ್ನೇ ಕಿತ್ತು ನೆಲದ ಮೇಲಿಟ್ಟೆ. ತೂತುಗಳಿಗೆ ಟೇಪು ಅಂಟಿಸಿದೆ.

"ಚೀಲ ಕೆಳಗಿಡು. ನಡಿ ಟ್ರ್ಯಾಕಿಗೆ. ಪಕ್ಕದಲ್ಲಿ ನಾನು ಕೂರ್ತೀನಿ."

"ನಿನಗೆ ಸ್ಪೀಡ್ ಅಂದ್ರೆ ಭಯ."

"ಭಯಾನೇ. ನಡಿ."

ಆ ಸೀಟಿನಲ್ಲಿ ನಾನು ಅದಕ್ಕೂ ಮುಂಚೆ ಕೂತಿರಲಿಲ್ಲ, ಬರೀ ಅದರ ಸುತ್ತ ತಗಡು ಬಡಿದಿದ್ದೆ. ಮೊದಲ ಸುತ್ತು ನಿಧಾನವಾಗಿ ಹೋದ. ಎರಡನೆಯ ಸುತ್ತಿನಲ್ಲಿ ನೇರ ದಾರಿ ಬಂದಾಗ ಬಿಟ್ಟ. ನೂರು, ನೂರಿಪ್ಪತ್ತು. ನಾನು ಬಾಗಿಲಿನ ಪಟ್ಟಿ ಹಿಡಿದುಕೊಂಡೆ. ನೂರೈವತ್ತು ದಾಟಿತು. ಕಾರು ಮೆಲ್ಲಗೆ ಎಡಕ್ಕೆ ಸರಿಯತೊಡಗಿತು.

ಬಲಕ್ಕಲ್ಲ, ಎಡಕ್ಕೆ. ಅವನ ಮುಖ ಬಿಳಿಚಿಕೊಂಡಿತು. ಈಗ ಎಡಕ್ಕೂ ಹೋಗುತ್ತಿದೆ, ಅಂದರೆ ಕೈ ಪೂರ್ತಿ ಹೋಯಿತು ಎಂದೇ ಅವನು ಅಂದುಕೊಂಡಿರಬೇಕು. ನಾನು ಅವನ ಕೈಗಳನ್ನು ನೋಡಿದೆ. ತಗಡಿನ ಮೇಲೆ ಒತ್ತಡ ಎಲ್ಲಿ ಬೀಳುತ್ತಿದೆ ಎಂದು ನೋಡುವುದೇ ನನ್ನ ಬದುಕು. ಅವನ ಎರಡು ಕೈಗಳೂ, ಅವನಿಗೇ ಗೊತ್ತಿಲ್ಲದೆ, ಸ್ಟೇರಿಂಗನ್ನು ಎಡಕ್ಕೆ ಒತ್ತಿ ಹಿಡಿದಿದ್ದವು. ಮೂರು ವಾರ ಆ ಓರೆ ಫಿನ್ನಿನ ಜೊತೆ ಸೆಣಸಿದ ಕೈಗಳು, ಅದಿಲ್ಲದ ಮೇಲೂ ಸೆಣಸುತ್ತಲೇ ಇದ್ದವು.

"ಕೈ ಸಡಿಲ ಬಿಡು," ಎಂದು ಕಿವಿಯ ಹತ್ತಿರ ಹೇಳಿದೆ. "ನೀನು ಎಡಕ್ಕೆ ಒತ್ತುತ್ತಿದ್ದೀಯ. ಬಿಡು."

ಅವನು ಕೈ ನೋಡಿಕೊಂಡ. ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದ. ಕಾರು ನೆಟ್ಟಗಾಯಿತು. ನೂರೆಪ್ಪತ್ತು, ನೂರೆಂಬತ್ತು, ಹಾಗೇ ನೆಟ್ಟಗೆ ಹೋಯಿತು. ನೇರ ದಾರಿಯ ಕೊನೆಯಲ್ಲಿ ಅವನು ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ, ಸ್ಟೇರಿಂಗಿಗೆ ಹಣೆ ಆನಿಸಿ ಅತ್ತ. ನಾನೂ ಅತ್ತೆ.

ತಲೆಯೆತ್ತದೆಯೇ ಕೇಳಿದ, "ನನ್ನ ಕೈ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು."

"ಮತ್ತೆ ತಪ್ಪು ಯಾರ್ದು?"

"ನಂದು."

"ಇನ್ನೊಂದ್ಸಲ ಹೇಳು ಅಕ್ಕ."

ಹೇಳಿದೆ. ಶೆಡ್ಡಿಗೆ ವಾಪಸ್ ಬರುವಷ್ಟರಲ್ಲಿ ಇನ್ನೂ ಐದು ಸಲ ಹೇಳಿಸಿದ. ಪ್ರತಿ ಸಲವೂ ಹಿಂದಿನದಕ್ಕಿಂತ ಸ್ವಲ್ಪ ಜಾಸ್ತಿ ನಕ್ಕ. ಯಜಮಾನರು ಬಾಗಿಲಲ್ಲೇ ಕಾಯುತ್ತಿದ್ದರು, ಕಾರು ನೆಟ್ಟಗೆ ಹೋಯಿತು, ತಪ್ಪು ನಂದೇ ಎಂದು ಅವರಿಗೆ ಮಾತ್ರ ಯಾರೂ ಕೇಳದೆಯೇ ಹೇಳಿದೆ. ಶನಿವಾರ ಬರಬೇಕಿದ್ದವನಿಗೆ ಬರಬೇಡ ಎಂದು ಅವರು ಫೋನ್ ಮಾಡುವಾಗ, ತಮ್ಮ ತನ್ನ ಹೆಲ್ಮೆಟ್ಟನ್ನು ಚೀಲದಿಂದ ತೆಗೆದು ಗೋಡೆಯಲ್ಲಿದ್ದ ಅದರ ಮೊಳೆಗೆ ನೇತುಹಾಕುತ್ತಿದ್ದ.